ಎಂಜಿನ್ ಬಲ ಹೆಚ್ಚಿಸುವ ಮುನ್ನ ಇಂಧನದ ಲೆಕ್ಕ: ಇಂಜೆಕ್ಟರ್, ಪಂಪ್, ಒತ್ತಡಗಳನ್ನು ಆರಿಸುವುದು ಹೇಗೆ?

ಕಾರಿಗೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಕೂರಿಸಲು ಅಥವಾ ಈಗಾಗಲೇ ಇರುವ ಟರ್ಬೊದ ಬೂಸ್ಟನ್ನು, ಅಂದರೆ ಅದು ತುಂಬುವ ಗಾಳಿಯ ಒತ್ತಡವನ್ನು, ಏರಿಸಲು ಹೊರಟವರ ಕಿವಿಗೆ ಬೀಳುವ ಮೊದಲ ಎಚ್ಚರಿಕೆ ಬಹುಮಟ್ಟಿಗೆ ಒಂದೇ: ಇಂಜೆಕ್ಟರ್ ಸಾಲದು, ಪಂಪ್ ಬದಲಿಸಬೇಕು. ಆದರೆ ಏಕೆ ಸಾಲದು, ಎಷ್ಟಿದ್ದರೆ ಸಾಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹೀಗಾಗಿ ಅಂಗಡಿಯಲ್ಲಿ ಸಿಕ್ಕ ಅತಿ ದೊಡ್ಡ ಬಿಡಿಭಾಗವನ್ನೇ ಕೊಂಡು ತಂದು, ಆಮೇಲೆ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) ನಡುಗುವ, ಪೆಟ್ರೋಲ್ ವಾಸನೆ ಬೀರುವ, ತಣ್ಣಗಿರುವಾಗ ಬೇಗ ಸ್ಟಾರ್ಟ್ ಆಗದ ಕಾರಿನೊಂದಿಗೆ ಹೆಣಗುವವರು ಬಹಳ ಮಂದಿ. ಇಂಧನ ವ್ಯವಸ್ಥೆಯನ್ನು ಆರಿಸುವ ಕೆಲಸ ಅಭಿರುಚಿಗೆ ಬಿಟ್ಟದ್ದಲ್ಲ, ಅದು ಲೆಕ್ಕದ ಕೆಲಸ. ಆ ಲೆಕ್ಕವಾದರೂ ಶಾಲೆಯ ಗುಣಾಕಾರ ಭಾಗಾಕಾರವನ್ನು ಮೀರುವುದಿಲ್ಲ. ಪ್ರತಿದಿನ ರಸ್ತೆಯಲ್ಲಿ ಓಡಬೇಕಾದ, ಆದರೆ ಕಾರ್ಖಾನೆ ಕೊಟ್ಟಿದ್ದಕ್ಕಿಂತ ಹೆಚ್ಚು ಬಲ ಬೇಕಾದ ಪೆಟ್ರೋಲ್ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಲೆಕ್ಕವನ್ನು ಇಲ್ಲಿ ಮೊದಲಿನಿಂದ ಕಟ್ಟಲಾಗಿದೆ.

ಟ್ಯಾಂಕಿನಿಂದ ಸಿಲಿಂಡರ್‌ವರೆಗೆ

ಟ್ಯಾಂಕಿನೊಳಗೆ ಮುಳುಗಿರುವ ವಿದ್ಯುತ್ ಪಂಪ್ ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ. ಅದು ಫಿಲ್ಟರ್ ದಾಟಿ, ಕಾರಿನ ಅಡಿಯಲ್ಲಿ ಹಾದುಹೋಗುವ ಕೊಳವೆಯ ಮೂಲಕ ಎಂಜಿನ್ ಬಳಿಯ ರೇಲ್ ಎಂಬ ದಪ್ಪ ಕೊಳವೆಯನ್ನು ತಲುಪುತ್ತದೆ. ರೇಲ್‌ಗೆ ಸಾಲಾಗಿ ಜೋಡಿಸಿದ ಇಂಜೆಕ್ಟರ್‌ಗಳು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೇಳಿದಾಗ ತೆರೆದು, ಹೇಳಿದಾಗ ಮುಚ್ಚುತ್ತವೆ. ರೇಲ್‌ನೊಳಗಿನ ಒತ್ತಡವನ್ನು ಹಿಡಿತದಲ್ಲಿಡುವುದು ರೆಗ್ಯುಲೇಟರ್‌ನ ಕೆಲಸ. ಅದು ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುತ್ತದೆ.

ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆಯುವ ಒಂದು ಸಣ್ಣ ನಲ್ಲಿ. ನಲ್ಲಿಯಿಂದ ಎಷ್ಟು ನೀರು ಬಂತು ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಬಾಯಿ ಎಷ್ಟು ಅಗಲ, ಹಿಂದಿನಿಂದ ಒತ್ತಡ ಎಷ್ಟು, ಎಷ್ಟು ಹೊತ್ತು ತೆರೆದಿತ್ತು. ಬಾಯಿಯ ಅಗಲ ಬದಲಾಗದು, ಒತ್ತಡವನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ, ಆದ್ದರಿಂದ ಇಸಿಯು ಕೈಯಲ್ಲಿ ಉಳಿಯುವುದು ತೆರೆದಿರುವ ಹೊತ್ತು ಮಾತ್ರ. 1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಾಗಲೂ ತತ್ವ ಇದೇ ಆಗಿತ್ತು. ಸೆನ್ಸರ್‌ಗಳು, ಕಂಪ್ಯೂಟರ್‌ಗಳು ಎಷ್ಟೇ ಬೆಳೆದಿದ್ದರೂ ಈ ತತ್ವ ಇಂದಿಗೂ ಹಾಗೆಯೇ ಉಳಿದಿದೆ.

ಗಾಳಿಗೆ ತಕ್ಕ ಪೆಟ್ರೋಲ್ ಏಕೆ ಬೇಕು

ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಸರಿಸಮ ಹದವನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ಲ್ಯಾಂಬ್ಡಾ 1ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಹೆಚ್ಚಿದೆ ಎಂದರ್ಥ, ಇದು ರಿಚ್ ಮಿಶ್ರಣ. ಹೆಚ್ಚಾದರೆ ಪೆಟ್ರೋಲ್ ಸಾಲದು ಎಂದರ್ಥ, ಇದು ಲೀನ್ ಮಿಶ್ರಣ. ನಿಧಾನವಾಗಿ ಹೋಗುವಾಗ ಎಂಜಿನ್ ಲ್ಯಾಂಬ್ಡಾ 1ರ ಆಸುಪಾಸಿನಲ್ಲಿ ಓಡುತ್ತದೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬೇಕೆಂದೇ ರಿಚ್ ಮಾಡಲಾಗುತ್ತದೆ: ಟರ್ಬೊ ಇಲ್ಲದ ಎಂಜಿನ್‌ಗೆ ಸುಮಾರು 0.85ರಿಂದ 0.88, ಟರ್ಬೊ ಎಂಜಿನ್‌ಗೆ ಸುಮಾರು 0.78ರಿಂದ 0.82.

ಉರಿಯಲಾರದ ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು ತಂಪಿಗಾಗಿ. ಬೆವರು ಆರುವಾಗ ಮೈ ತಣ್ಣಗಾಗುವಂತೆ, ಪೆಟ್ರೋಲ್ ಹನಿಗಳು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತವೆ. ಈ ತಂಪು ಇಲ್ಲವಾದರೆ ಸಿಲಿಂಡರ್‌ನ ಮೂಲೆಯಲ್ಲಿ ಇನ್ನೂ ಜ್ವಾಲೆ ತಲುಪದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಇದೇ ನಾಕಿಂಗ್. ಹೆಚ್ಚಿನ ಬೂಸ್ಟ್‌ನಲ್ಲಿ ಮಿಶ್ರಣ ಲೀನ್ ಆಗಿ ನಾಕಿಂಗ್ ಶುರುವಾದರೆ ಪಿಸ್ಟನ್‌ನ ಅಂಚು ಕರಗಲು ಅಥವಾ ರಿಂಗ್‌ಗಳ ನಡುವಿನ ಲೋಹ ಮುರಿಯಲು ಕೆಲವೇ ಸೆಕೆಂಡು ಸಾಕು. ಇಂಧನ ವ್ಯವಸ್ಥೆಯ ಕೊರತೆ ಬೇರೆ ಕೊರತೆಗಳಂತೆ ಸಬೂಬು ಕೇಳುವುದಿಲ್ಲ. ಕ್ಲಚ್ ಸಾಲದಿದ್ದರೆ ಜಾರುತ್ತದೆ, ಬದಲಿಸಬಹುದು. ಪೆಟ್ರೋಲ್ ಸಾಲದಿದ್ದರೆ ಎಂಜಿನ್ನನ್ನೇ ಬಿಚ್ಚಬೇಕಾಗುತ್ತದೆ.

ಲೆಕ್ಕ ಶುರುವಾಗಬೇಕಾದದ್ದು ಅಶ್ವಶಕ್ತಿಯಿಂದ

ಯಾವ ಪಂಪ್ ಒಳ್ಳೆಯದು ಎಂಬ ಪ್ರಶ್ನೆಗೆ ಮೊದಲೇ ಉತ್ತರವಿಲ್ಲ. ಎಷ್ಟು ಅಶ್ವಶಕ್ತಿ ಬೇಕು, ಯಾವ ಇಂಧನದಲ್ಲಿ ಬೇಕು ಎಂಬೆರಡನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕಾಲ ಕೊಡಲು ಪೂರ್ತಿ ಭಾರದಲ್ಲಿ ಟರ್ಬೊ ಇಲ್ಲದ ಎಂಜಿನ್ ಸುಮಾರು 225 ಗ್ರಾಂ ಪೆಟ್ರೋಲ್ ಉಣ್ಣುತ್ತದೆ. ಟರ್ಬೊ ಎಂಜಿನ್, ತಂಪಿನ ಪಾಲೂ ಸೇರಿ, ಸುಮಾರು 270 ಗ್ರಾಂ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ನಾಲ್ಕು ಸಿಲಿಂಡರ್‌ನ ಟರ್ಬೊ ಎಂಜಿನ್‌ನಿಂದ 400 ಅಶ್ವಶಕ್ತಿ ಬೇಕು ಎಂದಿಟ್ಟುಕೊಳ್ಳೋಣ. 400ನ್ನು 270 ಗ್ರಾಂನಿಂದ ಗುಣಿಸಿದರೆ ಗಂಟೆಗೆ 108 ಕಿಲೋ. ಒಂದು ಲೀಟರ್ ಪೆಟ್ರೋಲ್ ಸುಮಾರು 0.74 ಕಿಲೋ ತೂಗುವುದರಿಂದ ಇದು ಗಂಟೆಗೆ 146 ಲೀಟರ್ ಆಯಿತು. ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ ನಿಮಿಷಕ್ಕೆ ಸುಮಾರು 610 ಸಿಸಿ, ಅಂದರೆ 610 ಮಿಲಿಲೀಟರ್. ಈ ಎರಡು ಸಂಖ್ಯೆಗಳನ್ನು, ಅಂದರೆ ಒಟ್ಟು 146 ಲೀಟರ್ ಮತ್ತು ತಲಾ 610 ಸಿಸಿಯನ್ನು, ಕಾಗದದಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಎಲ್ಲ ಆಯ್ಕೆಗಳೂ ಅವುಗಳ ಸುತ್ತಲೇ ತಿರುಗುತ್ತವೆ.

ಇಂಜೆಕ್ಟರ್: ದೊಡ್ಡದು ಎಷ್ಟು ದೊಡ್ಡದಿರಬೇಕು

ನಾಲ್ಕು ಸ್ಟ್ರೋಕ್‌ನ ಎಂಜಿನ್‌ನಲ್ಲಿ ಪ್ರತಿ ಎರಡು ಸುತ್ತಿಗೆ ಒಮ್ಮೆ ಇಂಜೆಕ್ಟರ್ ತನ್ನ ಪಾಲನ್ನು ಸಿಂಪಡಿಸಬೇಕು. 6,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 6,000 ಸುತ್ತಿನಲ್ಲಿ, ಎರಡು ಸುತ್ತಿಗೆ ಹಿಡಿಯುವುದು 20 ಮಿಲಿಸೆಕೆಂಡು. ಅದರಲ್ಲಿ 16 ಮಿಲಿಸೆಕೆಂಡು ತೆರೆದಿದ್ದರೆ ಡ್ಯೂಟಿ ಸೈಕಲ್ ಶೇ. 80 ಎನ್ನುತ್ತಾರೆ. ಶೇ. 100ರ ಹತ್ತಿರ ಹೋದಂತೆ ಇಂಜೆಕ್ಟರ್‌ಗೆ ಸರಿಯಾಗಿ ಮುಚ್ಚಿ ತೆರೆಯಲು ಬಿಡುವೇ ಸಿಗದೆ ಅಳತೆ ಕೆಡುತ್ತದೆ. ಇಸಿಯು ಇನ್ನಷ್ಟು ಕೇಳಿದರೂ ಕೊಡಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಶೇ. 80ನ್ನೇ ಮಿತಿಯೆಂದು ಹಿಡಿಯುವುದು ವಾಡಿಕೆ. ನಮ್ಮ 610 ಸಿಸಿಯನ್ನು 0.8ರಿಂದ ಭಾಗಿಸಿದರೆ ಸುಮಾರು 760 ಸಿಸಿಯ ಇಂಜೆಕ್ಟರ್ ಬೇಕೆಂದಾಯಿತು.

ಹಾಗಾದರೆ 1,500 ಸಿಸಿಯದ್ದನ್ನೇ ಹಾಕಿದರೆ ಮುಂದಕ್ಕೂ ಆಗುತ್ತದಲ್ಲ ಎಂದು ಅನ್ನಿಸುವುದು ಸಹಜ. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ರಸ್ತೆ ಕಾರಿನ ಸುಖ ದುಃಖ ಇರುವುದು ಈ ಜಾಗದಲ್ಲಿಯೇ. ಇಸಿಯು ಕರೆಂಟ್ ಕೊಟ್ಟ ಕ್ಷಣವೇ ಇಂಜೆಕ್ಟರ್ ತೆರೆಯುವುದಿಲ್ಲ. ಅದರ ಸೂಜಿ ಮೇಲೇಳಲು ಸುಮಾರು 1 ಮಿಲಿಸೆಕೆಂಡು ಬೇಕು. ಪೆಟ್ರೋಲ್ ಬಾರದ ಈ ಹೊತ್ತಿಗೆ ಡೆಡ್ ಟೈಮ್ ಎಂದು ಹೆಸರು. ಕಾರ್ಖಾನೆಯ ಇಂಜೆಕ್ಟರ್‌ಗೆ ಐಡಲ್‌ನಲ್ಲಿ 2.5 ಮಿಲಿಸೆಕೆಂಡಿನ ಆದೇಶ ಹೋಗುತ್ತಿದೆ ಎಂದುಕೊಳ್ಳಿ. ಡೆಡ್ ಟೈಮ್ ಕಳೆದರೆ ಪೆಟ್ರೋಲ್ ಹರಿಯುವುದು 1.5 ಮಿಲಿಸೆಕೆಂಡು. ಇಂಜೆಕ್ಟರ್ ಎರಡು ಪಟ್ಟು ದೊಡ್ಡದಾದರೆ ಹರಿಯುವ ಹೊತ್ತು 0.75ಕ್ಕೆ, ಮೂರು ಪಟ್ಟಾದರೆ 0.5 ಮಿಲಿಸೆಕೆಂಡಿಗೆ ಇಳಿಯಬೇಕು. ಡೆಡ್ ಟೈಮ್‌ನ ಅಂದಾಜಿನಲ್ಲಿ ಕೇವಲ 0.1 ಮಿಲಿಸೆಕೆಂಡಿನ ತಪ್ಪಾದರೆ ಮೊದಲನೆಯದರಲ್ಲಿ ಇಂಧನ ಸುಮಾರು ಶೇ. 7ರಷ್ಟು ತಪ್ಪುತ್ತದೆ, ಎರಡನೆಯದರಲ್ಲಿ ಶೇ. 13, ಮೂರನೆಯದರಲ್ಲಿ ಶೇ. 20. ರಾತ್ರಿ ಹೆಡ್‌ಲೈಟ್ ಹಾಕಿದಾಗ ಅಥವಾ ಎಸಿ ಫ್ಯಾನ್ ತಿರುಗಿದಾಗ ಬ್ಯಾಟರಿ ವೋಲ್ಟೇಜ್ ಇಳಿದು ಡೆಡ್ ಟೈಮ್ ಉದ್ದವಾಗುತ್ತದೆ. ಆಗ ಐಡಲ್ ಏರಿಳಿಯುವುದಕ್ಕೆ ಕಾರಣ ಬೇರೆಲ್ಲೂ ಹುಡುಕಬೇಕಾಗಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ಇಂಥ ಇಂಜೆಕ್ಟರ್‌ಗೆ ಸರಿಯಾಗಿ ಒಪ್ಪುತ್ತದೆ.

ಹೀಗಾಗಿ ಕೊಳ್ಳುವಾಗ ಸಿಸಿ ಸಂಖ್ಯೆಗಿಂತ ಮುಖ್ಯವಾದದ್ದು ಅದರ ಜೊತೆಗೆ ಸಿಗುವ ಮಾಹಿತಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಬೇರೆ ವೋಲ್ಟೇಜ್ ಮತ್ತು ಒತ್ತಡಗಳಲ್ಲಿ ಡೆಡ್ ಟೈಮ್ ಎಷ್ಟು, ಅತಿ ಕಡಿಮೆ ಹೊತ್ತು ತೆರೆದಾಗ ಹರಿವು ಹೇಗಿರುತ್ತದೆ, ಒಂದೇ ಸೆಟ್‌ನ ಇಂಜೆಕ್ಟರ್‌ಗಳ ನಡುವೆ ಎಷ್ಟು ವ್ಯತ್ಯಾಸವಿದೆ ಎಂಬ ಕೋಷ್ಟಕಗಳನ್ನು ಕೊಡದ ಮಾರಾಟಗಾರನಿಂದ ಕೊಳ್ಳಬಾರದು. ಸಿಂಪಡಿಕೆಯ ಆಕಾರವನ್ನೂ ನೋಡಬೇಕು: ಇನ್‌ಟೇಕ್ ವಾಲ್ವ್ ಎರಡಿರುವ ಎಂಜಿನ್‌ಗೆ ಎರಡಾಗಿ ಕವಲೊಡೆಯುವ ಸಿಂಪಡಿಕೆ ಬೇಕು, ಒಂದೇ ಧಾರೆಯಾಗಿ ಗೋಡೆಗೆ ಬಡಿದರೆ ಪೆಟ್ರೋಲ್ ಆವಿಯಾಗದೆ ಅಲ್ಲೇ ಒದ್ದೆಯಾಗಿ ಉಳಿಯುತ್ತದೆ. ಇನ್ನು ವಿದ್ಯುತ್ ರೋಧದ ವಿಚಾರ: ಈಗಿನ ಬಹುತೇಕ ಇಸಿಯುಗಳು ಸುಮಾರು 12ರಿಂದ 16 ಓಮ್‌ನ ಇಂಜೆಕ್ಟರ್‌ಗಳಿಗೆ ಹೊಂದಿಕೊಂಡಿವೆ. 2ರಿಂದ 4 ಓಮ್‌ನ ಹಳೆಯ ಬಗೆಯದನ್ನು ನೇರವಾಗಿ ಜೋಡಿಸಿದರೆ ಹೆಚ್ಚು ಕರೆಂಟ್ ಎಳೆದು ಇಸಿಯು ಸುಟ್ಟುಹೋಗಬಹುದು.

ಪಂಪ್: ಡಬ್ಬಿಯ ಮೇಲಿನ ಸಂಖ್ಯೆಯ ಅರ್ಥ

ಪಂಪ್‌ಗಳನ್ನು ಗಂಟೆಗೆ ಇಷ್ಟು ಲೀಟರ್ ಎಂದು ಮಾರಲಾಗುತ್ತದೆ: 255, 340, 450 ಹೀಗೆ. ಆದರೆ ಆ ಸಂಖ್ಯೆ ಒಂದು ನಿರ್ದಿಷ್ಟ ಒತ್ತಡ ಮತ್ತು ಒಂದು ನಿರ್ದಿಷ್ಟ ವೋಲ್ಟೇಜ್‌ನಲ್ಲಿ ಅಳೆದದ್ದು. ಮೇಲಿನ ಮಹಡಿಯ ತೊಟ್ಟಿಗೆ ನೀರೇರಿಸುವ ಪಂಪ್, ಮಹಡಿಗಳು ಹೆಚ್ಚಿದಂತೆ ತೊಟ್ಟಿ ತುಂಬಲು ಹೆಚ್ಚು ಹೊತ್ತು ತೆಗೆದುಕೊಳ್ಳುವಂತೆ, ಇಂಧನ ಪಂಪ್ ಕೂಡ ಒತ್ತಡ ಏರಿದಷ್ಟೂ ಕಡಿಮೆ ಹರಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಮೂಲ ಒತ್ತಡ 3 ಬಾರ್ (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು), ಅದರ ಮೇಲೆ ಬೂಸ್ಟ್ 1.2 ಬಾರ್, ಆದ್ದರಿಂದ ಪಂಪ್ 4.2 ಬಾರ್ ವಿರುದ್ಧ ತಳ್ಳಬೇಕು. 146 ಲೀಟರ್‌ಗೆ ಶೇ. 20ರಷ್ಟು ಮೀಸಲು ಸೇರಿಸಿ, 4.2 ಬಾರ್‌ನಲ್ಲಿ ಗಂಟೆಗೆ 175 ಲೀಟರ್ ಕೊಡಬಲ್ಲ ಪಂಪ್ ಬೇಕು ಎಂದು ತಯಾರಕರ ಹರಿವಿನ ರೇಖಾಚಿತ್ರದಲ್ಲಿ ಹುಡುಕಬೇಕು. ಡಬ್ಬಿಯ ಮೇಲಿನ ಸಂಖ್ಯೆಯಲ್ಲಿ ಅಲ್ಲ.

ವೋಲ್ಟೇಜ್ ವಿಚಾರವನ್ನು ಹಗುರವಾಗಿ ಎಣಿಸುವವರೇ ಹೆಚ್ಚು. ಎಂಜಿನ್ ಓಡುವಾಗ ಬ್ಯಾಟರಿಯ ತುದಿಯಲ್ಲಿ 13.5ರಿಂದ 14 ವೋಲ್ಟ್ ಇದ್ದರೂ ಕಾರಿನುದ್ದಕ್ಕೂ ಹರಿದು ಬಂದ ತೆಳ್ಳನೆಯ ಹಳೆಯ ತಂತಿಯ ಕೊನೆಯಲ್ಲಿ, ಪಂಪ್‌ನ ಬಳಿ, 11.5 ವೋಲ್ಟ್ ಮಾತ್ರ ಉಳಿದಿರಬಹುದು. ಚಿಕ್ಕ ಪಂಪ್‌ಗಾಗಿ ಮಾಡಿದ ವೈರಿಂಗ್‌ನಲ್ಲಿ ದೊಡ್ಡ ಪಂಪ್ ಕೂರಿಸಿ ಕೆಲವು ತಿಂಗಳು ಓಡಿಸಿದ ಕಾರಿನ ಟ್ಯಾಂಕ್ ಮುಚ್ಚಳ ತೆಗೆದು ನೋಡಿದರೆ, ಕನೆಕ್ಟರ್‌ನ ಬಿಳಿ ಪ್ಲಾಸ್ಟಿಕ್ ಪಿನ್‌ಗಳ ಸುತ್ತ ಕಂದು ಬಣ್ಣಕ್ಕೆ ತಿರುಗಿ, ಒಂದು ಬದಿ ಮೇಣದಂತೆ ಇಳಿದಿರುವುದು ಕಾಣುತ್ತದೆ. ಕೈಗೆ ಸಿಗುವ ಪರಿಹಾರ ಸರಳವಾದದ್ದು: ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ, ಅದರ ಆರಂಭದಲ್ಲೇ ತಕ್ಕ ಫ್ಯೂಸ್, ಹಳೆಯ ತಂತಿಯಿಂದ ಚಾಲನೆಗೊಳ್ಳುವ ರಿಲೇ, ಗಟ್ಟಿಯಾದ ಅರ್ತ್. ಅಪಘಾತವಾದಾಗ ಅಥವಾ ಎಂಜಿನ್ ನಿಂತಾಗ ಪಂಪ್ ನಿಲ್ಲಿಸುವ ಕಾರ್ಖಾನೆಯ ಏರ್ಪಾಡನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು.

ಒತ್ತಡ ಮತ್ತು ರೆಗ್ಯುಲೇಟರ್

ಇಂಜೆಕ್ಟರ್‌ಗೆ ಲೆಕ್ಕಕ್ಕೆ ಬರುವುದು ರೇಲ್‌ನ ಒತ್ತಡವಷ್ಟೇ ಅಲ್ಲ, ರೇಲ್‌ಗೂ ಇನ್‌ಟೇಕ್ ಮ್ಯಾನಿಫೋಲ್ಡ್‌ಗೂ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೂ) ನಡುವಿನ ವ್ಯತ್ಯಾಸ. ಬಾಗಿಲನ್ನು ಈ ಕಡೆಯಿಂದ ತಳ್ಳುವಾಗ ಆ ಕಡೆಯಿಂದಲೂ ಯಾರೋ ತಳ್ಳುತ್ತಿದ್ದರೆ ಹೇಗೋ ಹಾಗೆ, ಮ್ಯಾನಿಫೋಲ್ಡ್‌ನಲ್ಲಿ 1 ಬಾರ್ ಬೂಸ್ಟ್ ಬಂದಾಗ 3 ಬಾರ್‌ನ ರೇಲ್‌ಗೆ ಉಳಿಯುವ ಬಲ 2 ಬಾರ್ ಮಾತ್ರ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಪೆಟ್ರೋಲ್ ಹೆಚ್ಚು ಬೇಕಾದ ಅದೇ ಕ್ಷಣದಲ್ಲಿ ಶೇ. 18ರಷ್ಟು ಕಡಿಮೆ ಬರುತ್ತದೆ. ಇದನ್ನು ತಡೆಯಲು ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಹೋಸ್ ಜೋಡಿಸುತ್ತಾರೆ; ಬೂಸ್ಟ್ ಎಷ್ಟು ಏರುತ್ತದೋ ಅಷ್ಟೇ ರೇಲ್ ಒತ್ತಡವನ್ನೂ ಅದು ಏರಿಸುತ್ತದೆ.

ಅನೇಕ ಹೊಸ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇದ್ದು, ಎಂಜಿನ್‌ನಿಂದ ಹಿಂದಿರುಗುವ ಕೊಳವೆಯೇ ಇರುವುದಿಲ್ಲ. ಸಣ್ಣ ಬದಲಾವಣೆಗೆ ಇದು ಸಾಕು. ಬಲ ಗಣನೀಯವಾಗಿ ಏರುವುದಾದರೆ ಎಂಜಿನ್ ಬಳಿ ರೆಗ್ಯುಲೇಟರ್ ಇಟ್ಟು ಹಿಂದಿರುಗುವ ಕೊಳವೆ ಹಾಕಿಸುವುದೇ ಲೇಸು.

ಒತ್ತಡವನ್ನೇ ಏರಿಸಿ ಹಳೆಯ ಇಂಜೆಕ್ಟರ್‌ನಿಂದ ಹೆಚ್ಚು ಪಡೆಯಬಹುದೇ? ಸ್ವಲ್ಪ ಮಟ್ಟಿಗೆ ಮಾತ್ರ. 3 ಬಾರ್ ಇದ್ದದ್ದನ್ನು 4 ಬಾರ್ ಮಾಡಿದರೆ, ಒತ್ತಡ ಮೂರನೇ ಒಂದರಷ್ಟು ಏರಿದರೂ ಹರಿವು ಏರುವುದು ಸುಮಾರು ಶೇ. 15. ಅದಕ್ಕೆ ಪ್ರತಿಯಾಗಿ ಪಂಪ್‌ನ ಹರಿವು ಇಳಿಯುತ್ತದೆ, ಅದು ಎಳೆಯುವ ಕರೆಂಟ್ ಏರುತ್ತದೆ, ಡೆಡ್ ಟೈಮ್ ಬದಲಾಗುತ್ತದೆ.

ಕೊಳವೆ, ಫಿಲ್ಟರ್, ಟ್ಯಾಂಕ್

400 ಅಶ್ವಶಕ್ತಿಯ ಆಸುಪಾಸಿನಲ್ಲಿ ಮುಕ್ಕಾಲು ಪಾಲು ಕಾರುಗಳಿಗೆ ಕಾರ್ಖಾನೆಯ ಕೊಳವೆಯೇ ಸಾಕಾಗುತ್ತದೆ. ಬದಲಿಸುವುದಾದರೆ 3/8 ಇಂಚಿನದು ಧಾರಾಳವಾಯಿತು. ಪಂಪ್‌ಗೆ ಮೊದಲು ಸುಮಾರು 100 ಮೈಕ್ರಾನ್‌ನ ಜಾಲರಿ, ಪಂಪ್ ಆದ ಮೇಲೆ ಸುಮಾರು 10 ಮೈಕ್ರಾನ್‌ನ ಫಿಲ್ಟರ್ ಇರಬೇಕು. ಈ ಕ್ರಮ ತಿರುವುಮುರುವಾದರೆ ಪಂಪ್ ಎಳೆಯಲಾರದೆ ಪೆಟ್ರೋಲ್ ಒಳಗೇ ಆವಿಯಾಗಿ ಗುಳ್ಳೆಗಳೇಳುತ್ತವೆ.

ತಿರುವಿನಲ್ಲಿ ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ಸರಿದು ಪಂಪ್‌ನ ಬಾಯಿ ಬರಿದಾಗುವ ಅಪಾಯವೂ ಇದೆ. ಕಾರ್ಖಾನೆಯ ಪಂಪ್ ಕೂತಿರುವ ಪ್ಲಾಸ್ಟಿಕ್ ಬುಟ್ಟಿ ಇದನ್ನು ತಡೆಯಲೆಂದೇ ಇರುವುದರಿಂದ ಹೊಸ ಪಂಪನ್ನೂ ಅದರೊಳಗೇ ಕೂರಿಸಬೇಕು. ರೇಸ್ ಟ್ರ್ಯಾಕ್‌ಗೆ ಹೋಗುವವರು ಯಾವಾಗಲೂ ತುಂಬಿರುವ ಒಂದೆರಡು ಲೀಟರ್‌ನ ಸರ್ಜ್ ಟ್ಯಾಂಕ್ ಸೇರಿಸುತ್ತಾರೆ. ರಸ್ತೆಯಲ್ಲಷ್ಟೇ ಓಡಿಸುವವರಿಗೆ ಟ್ಯಾಂಕನ್ನು ಕಾಲು ಭಾಗಕ್ಕಿಂತ ಕೆಳಗಿಳಿಸದಿರುವ ಅಭ್ಯಾಸವೇ ಸಾಕು. ಪಂಪ್ ತಂಪಾಗುವುದೂ ಸುತ್ತಲಿನ ಪೆಟ್ರೋಲಿನಿಂದಲೇ.

ಎಥನಾಲ್ ಬೆರೆತ ಇಂಧನ

ಶೇ. 85ರವರೆಗೆ ಎಥನಾಲ್ ಇರುವ ಇ85 ಇಂಧನವನ್ನು ಬಲ ಹೆಚ್ಚಿಸುವವರು ಇಷ್ಟಪಡಲು ಎರಡು ಕಾರಣಗಳಿವೆ: ಅದು ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ, ಮತ್ತು ಆವಿಯಾಗುವಾಗ ಎಥನಾಲ್ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ಆದರೆ ಒಂದು ಕಿಲೋ ಇ85ಕ್ಕೆ ಸುಮಾರು 9.8 ಕಿಲೋ ಗಾಳಿಯೇ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಲೀಟರ್ ಲೆಕ್ಕದಲ್ಲಿ ಶೇ. 30ರಿಂದ 40 ಹೆಚ್ಚು ಎಂದು ಹಿಡಿದರೆ ನಮ್ಮ 760 ಸಿಸಿಯ ಇಂಜೆಕ್ಟರ್ ಸಾವಿರದ ಗಡಿ ದಾಟುತ್ತದೆ, ಪಂಪ್‌ನ 175 ಲೀಟರ್ 245ರ ಹತ್ತಿರ ಬರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹೊಂದದ ರಬ್ಬರನ್ನು ಕೆಡಿಸುತ್ತದೆ, ಲೇಪನವಿಲ್ಲದ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹಾಗಾಗಿ ಒಳಗೆ ಪಿಟಿಎಫ್ಇ (ಟೆಫ್ಲಾನ್) ಪದರವಿರುವ ಹೋಸ್, ಕಾಗದವಲ್ಲದ ಫಿಲ್ಟರ್, ಎಥನಾಲ್‌ಗೆ ಒಪ್ಪುವುದೆಂದು ತಯಾರಕರೇ ಹೇಳಿದ ಪಂಪ್ ಬೇಕು. ಬೆರಕೆಯ ಪ್ರಮಾಣ ಪ್ರತಿ ಸಲವೂ ಒಂದೇ ಇರುವುದಿಲ್ಲ. ಅದನ್ನು ಅಳೆದು ಇಸಿಯುಗೆ ತಿಳಿಸುವ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಇಲ್ಲದೆ ಈ ದಾರಿ ಹಿಡಿಯುವುದು ತರವಲ್ಲ.

ನೇರ ಇಂಜೆಕ್ಷನ್ ಇರುವ ಎಂಜಿನ್‌ಗಳು

ಇತ್ತೀಚಿನ ಹಲವು ಟರ್ಬೊ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಸಿಲಿಂಡರ್‌ನೊಳಕ್ಕೇ ಸಿಂಪಡಿಸುತ್ತದೆ. ಇಲ್ಲಿ ಎರಡು ಪಂಪ್‌ಗಳಿವೆ: ಟ್ಯಾಂಕಿನ ವಿದ್ಯುತ್ ಪಂಪ್ ಕೆಲವು ಬಾರ್ ಒತ್ತಡದಲ್ಲಿ ತಂದುಕೊಟ್ಟದ್ದನ್ನು, ಕ್ಯಾಮ್‌ಶಾಫ್ಟ್‌ನಿಂದ ಓಡುವ ಇನ್ನೊಂದು ಪಂಪ್ 150ರಿಂದ 350 ಬಾರ್‌ಗೆ ಏರಿಸುತ್ತದೆ. ಸಮಯದ ಅಭಾವವೂ ಹೆಚ್ಚು. 6,000 ಆರ್‌ಪಿಎಂನಲ್ಲಿ ಹಳೆಯ ಬಗೆಯ ಇಂಜೆಕ್ಟರ್‌ಗೆ 20 ಮಿಲಿಸೆಕೆಂಡಿನ ಬಹುಪಾಲು ಸಿಕ್ಕರೆ, ಇದಕ್ಕೆ ಗಾಳಿ ಒಳಬರುವ 5 ಮಿಲಿಸೆಕೆಂಡು ಮತ್ತು ಅದರಾಚೆಗೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ. ಆದ್ದರಿಂದ ಇಲ್ಲಿ ಮೊದಲು ಕೈಸೋಲುವುದು ಅಧಿಕ ಒತ್ತಡದ ಪಂಪ್. ದೊಡ್ಡ ಪಿಸ್ಟನ್ ಇರುವ ಪಂಪ್ ಹಾಕುವುದು ಒಂದು ದಾರಿ. ಇನ್‌ಟೇಕ್‌ನಲ್ಲಿ ಹೆಚ್ಚುವರಿಯಾಗಿ ಸಾಮಾನ್ಯ ಇಂಜೆಕ್ಟರ್‌ಗಳನ್ನು ಸೇರಿಸಿ ಮೇಲಿನ ಆರ್‌ಪಿಎಂನಲ್ಲಿ ಎರಡನ್ನೂ ಬಳಸುವುದು ಇನ್ನೊಂದು. ಟೊಯೊಟಾದ ಡಿ-4ಎಸ್ ವ್ಯವಸ್ಥೆಯಲ್ಲಿ ಕಾರ್ಖಾನೆಯಿಂದಲೇ ಎರಡೂ ಬಗೆಯ ಇಂಜೆಕ್ಟರ್‌ಗಳಿವೆ. ಈ ಅಧಿಕ ಒತ್ತಡದ ಭಾಗಗಳನ್ನು ಒತ್ತಡ ಇಳಿಸದೆ ಬಿಚ್ಚಬಾರದು. ನೂರಾರು ಬಾರ್‌ನ ಧಾರೆ ಚರ್ಮವನ್ನು ಸೀಳಿ ಒಳಹೋಗಬಲ್ಲದು.

ಜೋಡಿಸಿದ ಮೇಲೆ ಪರೀಕ್ಷೆ

ಹೊಸ ಇಂಜೆಕ್ಟರ್‌ನ ಹರಿವು ಮತ್ತು ಡೆಡ್ ಟೈಮ್ ಅಂಕಿಗಳನ್ನು ಇಸಿಯುಗೆ ತುಂಬುವ ಮೊದಲು ಕಾರನ್ನು ಓಡಿಸಬಾರದು. ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ, ಪಂಪ್ ಮಾತ್ರ ಓಡಿಸಿ ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ಸೋರಿಕೆ ನೋಡಬೇಕು. ಬಟ್ಟೆಯ ಮೇಲೆ ಕಾಣುವ ಒಂದು ಕಲೆಯೂ ಬೆಂಕಿಗೆ ಆಹ್ವಾನ. ವಾಹನದ ಮೂಲ ಸ್ಥಿತಿ ಬದಲಿಸುವುದಕ್ಕೂ ಹೊಗೆಯ ಮಿತಿಗೂ ನಿಯಮಗಳಿರುವಲ್ಲಿ ಅವನ್ನು ಮೊದಲೇ ತಿಳಿದಿರಬೇಕು.

ಆಮೇಲೆ ಬೇಕಾದದ್ದು ಎರಡು ಅಳತೆಗಳು: ಎಕ್ಸಾಸ್ಟ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್‌ನಿಂದ ಲ್ಯಾಂಬ್ಡಾ, ರೇಲ್‌ನಲ್ಲಿ ಒತ್ತಡದ ಸೆನ್ಸರ್. ವೈಡ್‌ಬ್ಯಾಂಡ್ ಇದ್ದರೆ ಸಾಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಏಕೆಂದು ಒಂದು ಲಾಗ್, ಅಂದರೆ ಓಡುವಾಗ ದಾಖಲಾದ ಅಳತೆಗಳನ್ನು, ನೋಡಿದರೆ ತಿಳಿಯುತ್ತದೆ. ಮೂರನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್. 4,500 ಆರ್‌ಪಿಎಂನಲ್ಲಿ ಬೂಸ್ಟ್ 1.2 ಬಾರ್, ರೇಲ್ ಒತ್ತಡ 4.2, ಲ್ಯಾಂಬ್ಡಾ 0.80, ಎಲ್ಲವೂ ಸರಿಯಿದೆ. 5,200 ದಾಟಿದಂತೆ ಒತ್ತಡದ ಗೆರೆ ಮೆಲ್ಲಗೆ ಬಾಗಿ 6,000ದಲ್ಲಿ 3.5ಕ್ಕೆ ಇಳಿಯುತ್ತದೆ. ವ್ಯತ್ಯಾಸ 3 ಬಾರ್ ಇರಬೇಕಾದಲ್ಲಿ 2.3 ಉಳಿದಿದೆ, ಇಂಧನ ಶೇ. 12ರಷ್ಟು ಕಡಿಮೆಯಾಗಿ ಲ್ಯಾಂಬ್ಡಾ 0.91ಕ್ಕೆ ಏರಿದೆ. ಡ್ಯೂಟಿ ಸೈಕಲ್ ಇನ್ನೂ ಶೇ. 75ರಲ್ಲೇ ಇರುವುದರಿಂದ ಇಂಜೆಕ್ಟರ್‌ನ ತಪ್ಪಲ್ಲ ಎಂಬುದು ಸ್ಪಷ್ಟ. ಒತ್ತಡದ ಗೆರೆ ಇಲ್ಲದಿದ್ದರೆ ಇಸಿಯುನ ಅಂಕಿಗಳನ್ನು ಹೊಂದಿಸುವ ಟ್ಯೂನರ್ ಆ ಜಾಗದಲ್ಲಿ ಇಂಜೆಕ್ಟರ್ ತೆರೆಯುವ ಹೊತ್ತನ್ನು ಹೆಚ್ಚಿಸಿ ಲ್ಯಾಂಬ್ಡಾವನ್ನು ಸರಿಪಡಿಸುತ್ತಿದ್ದ. ಪಂಪ್‌ನ ವೋಲ್ಟೇಜ್ ಇನ್ನೂ ಅರ್ಧ ವೋಲ್ಟ್ ಇಳಿದ ದಿನ ಮಿಶ್ರಣ ಮತ್ತೆ ಲೀನ್ ಆಗುತ್ತಿತ್ತು, ಅದೂ ಯಾರೂ ಲಾಗ್ ನೋಡದಿರುವ ಹೊತ್ತಿನಲ್ಲಿ.

ಆದ್ದರಿಂದ ಕಡಿಮೆ ಬೂಸ್ಟ್‌ನಿಂದ ಶುರುಮಾಡಿ, ಪ್ರತಿ ಹಂತದಲ್ಲೂ ರೇಲ್ ಒತ್ತಡದಿಂದ ಬೂಸ್ಟ್ ಕಳೆದಾಗ ಅದೇ 3 ಬಾರ್ ಸಿಗುತ್ತಿದೆಯೇ ಎಂದು ಕೊನೆಯ ಆರ್‌ಪಿಎಂವರೆಗೂ ನೋಡಿಕೊಂಡೇ ಮುಂದಿನ ಹಂತಕ್ಕೆ ಹೋಗಬೇಕು. ಒತ್ತಡ ನಿಗದಿಗಿಂತ ಇಳಿದರೆ ತಾನಾಗಿಯೇ ಬೂಸ್ಟ್ ತಗ್ಗಿಸುವ ಅಥವಾ ಎಂಜಿನ್ ಬಲ ಕಡಿತಗೊಳಿಸುವ ಸೌಲಭ್ಯ ಈಗಿನ ಅನೇಕ ಇಸಿಯುಗಳಲ್ಲಿದೆ. ಆ ಸೆನ್ಸರ್‌ನ ತಂತಿಯನ್ನು ಇಸಿಯುಗೆ ಜೋಡಿಸಿ, ಮಿತಿಯನ್ನು ತುಂಬಿ, ಅದು ನಿಜವಾಗಿಯೂ ಕೆಲಸ ಮಾಡುತ್ತದೆಯೇ ಎಂದು ಕಡಿಮೆ ಬೂಸ್ಟ್‌ನಲ್ಲೇ ಒಮ್ಮೆ ಪರೀಕ್ಷಿಸಿದ ಮೇಲಷ್ಟೇ ಪೂರ್ತಿ ಬೂಸ್ಟ್‌ಗೆ ಏರಿಸಬೇಕು.